ಮೂರು ಮನೆಯ ಹೆಪ್ಪು

ಹೆಪ್ಪಿಗೆ ಮೊಸರು ಉಳಿಯದ ದಿನ ಲೋಟ ಹಿಡಿದು ಪಕ್ಕದ ಮನೆಗೆ ಹೋಗುವುದು ನಮ್ಮ ಓಣಿಯ ಹೆಂಗಸರಿಗೆಲ್ಲ ರೂಢಿ. ತಂದದ್ದು ಒಂದು ಚಮಚ, ಬೆಳಗಾಗುವಷ್ಟರಲ್ಲಿ ಪಾತ್ರೆ ತುಂಬ ಮೊಸರು. ಮುಂದಿನ ವಾರ ಅವರಲ್ಲಿ ಇಲ್ಲವಾದರೆ ಅದೇ ಹೆಪ್ಪು ನಮ್ಮಿಂದ ಅವರಿಗೆ. ಮೂಲದಲ್ಲಿ ಅದು ಯಾರ ಮನೆಯದೆಂದು ಯಾರಿಗೂ ನೆನಪಿಲ್ಲ. ಕ್ಲೌಡ್ ಎಂಬ ಕಂಪ್ಯೂಟರಿನ ಮೋಡ ನನ್ನ ತಲೆಗೆ ಹೊಕ್ಕಿದ್ದು ಈ ಹೆಪ್ಪಿನ ದಾರಿಯಿಂದಲೇ.

ತಿಳಿಯಬೇಕೆಂಬ ಹಟ ಹುಟ್ಟಿಸಿದ್ದು ನಮ್ಮಮ್ಮ. ಆಕೆ ತೀರಿಕೊಳ್ಳುವ ಹಿಂದಿನ ಬೇಸಿಗೆಯಲ್ಲಿ ಹಸೆಯ ಹಾಡು, ಬೀಸುವ ಹಾಡು, ತೊಟ್ಟಿಲ ಹಾಡು ಎಂದು 41 ಹಾಡುಗಳನ್ನು ಹೇಳಿಸಿ ಮೊಬೈಲಿನಲ್ಲಿ ಹಿಡಿದಿದ್ದೆ. ಅವುಗಳಲ್ಲಿ ಹೆಚ್ಚಿನವನ್ನು ನಾನು ಯಾವ ಪುಸ್ತಕದಲ್ಲೂ ಕಂಡಿಲ್ಲ. ಫೋನು ಬದಲಾಯಿಸುವಾಗ ಮಗಳು, "ಎಲ್ಲ ಕ್ಲೌಡಿಗೆ ಹೋಗಿದೆಯಮ್ಮ, ಹೆದರಬೇಡ" ಎಂದಳು. ಹೋಗಿದೆ ಎಂಬ ಮಾತೇ ನನ್ನನ್ನು ಹೆದರಿಸಿತು. ಅಣ್ಣನ ಮಗ ಬೆಂಗಳೂರಿನಲ್ಲಿ ಇಂಥ ಸಂಗ್ರಹಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಬಂದವನನ್ನು ಬಿಡದೆ ಕೂರಿಸಿಕೊಂಡೆ.

ಮೋಡವೆಂಬುದು ಬರೀ ಹೆಸರಿಗೆ. ಎಲ್ಲ ಇರುವುದು ನೆಲದ ಮೇಲಿನ ಕಟ್ಟಡದಲ್ಲಿ, ಬೀರುಗಳಂತೆ ಸಾಲಾಗಿ ನಿಂತ ಯಂತ್ರಗಳಲ್ಲಿ, ಅವುಗಳೊಳಗಿನ ಡಿಸ್ಕುಗಳಲ್ಲಿ. ಸಾವಿರಾರು ಡಿಸ್ಕುಗಳಿದ್ದ ಮೇಲೆ ಒಂದಲ್ಲ ಒಂದು ಕೆಡುತ್ತಲೇ ಇರುತ್ತದೆ. 2003ರಲ್ಲಿ ಗೂಗಲ್‌ನ ಎಂಜಿನಿಯರುಗಳು ತಮ್ಮ ವ್ಯವಸ್ಥೆಯ ಬಗ್ಗೆ ಪ್ರಬಂಧ ಬರೆದಾಗ, ಕೆಡುವುದೇ ನಿತ್ಯದ ಸಂಗತಿ ಎಂದು ಒಪ್ಪಿಕೊಂಡೇ ಶುರುಮಾಡಿದರಂತೆ. ಅಗ್ಗದ ಯಂತ್ರಗಳನ್ನೇ ಸೇರಿಸಿ, ಕಡತವನ್ನು 64 ಎಂಬಿ ತುಂಡುಗಳಾಗಿ ಒಡೆದು, ಪ್ರತಿ ತುಂಡಿನ ಮೂರು ಪ್ರತಿಗಳನ್ನು ಬೇರೆಬೇರೆ ಯಂತ್ರಗಳಲ್ಲಿ ಇಟ್ಟರು. ಮೂರು ಮನೆಯಲ್ಲಿ ಹೆಪ್ಪು!

ಅಣ್ಣನ ಮಗ ನೋಡಿಕೊಳ್ಳುವುದು 'ಸೆಫ್' ಎಂಬುದನ್ನು. ಅಮೆರಿಕದ ಸಾಂಟಾ ಕ್ರೂಜ್‌ನಲ್ಲಿ ಸೇಜ್ ವೈಲ್ ಎಂಬಾತ ತನ್ನ ಡಾಕ್ಟರೇಟಿಗಾಗಿ ಕಟ್ಟಿದ್ದು, ಈಗ ಯಾರು ಬೇಕಾದರೂ ಬಳಸಬಹುದು. ಅಲ್ಲಿ ಯಂತ್ರಗಳು ಕ್ಷಣಕ್ಷಣಕ್ಕೂ ಒಂದರ ನಾಡಿಯನ್ನು ಇನ್ನೊಂದು ಹಿಡಿದು ನೋಡುತ್ತವೆ. ಒಂದು ಉತ್ತರ ಕೊಡದಿದ್ದರೆ ನೆರೆಯವು ದೂರು ಕೊಡುತ್ತವೆ. ಸಾಮಾನ್ಯವಾಗಿ ಹತ್ತು ನಿಮಿಷ ಕಾದು, ಆಮೇಲೆ ಉಳಿದ ಪ್ರತಿಗಳಿಂದ ಬೇರೆ ಡಿಸ್ಕಿನಲ್ಲಿ ಹೊಸ ಪ್ರತಿ ತಯಾರಾಗುತ್ತದೆ.

"ಹತ್ತು ನಿಮಿಷ ಯಾಕೋ ಕಾಯಬೇಕು?"

"ಸತ್ತಿದೆಯೋ, ಮಲಗಿ ಏಳುತ್ತಿದೆಯೋ ಗೊತ್ತಾಗಬೇಕಲ್ಲ ಅತ್ತೆ."

ಮೂರು ಪ್ರತಿಗೆ ಮೂರರಷ್ಟು ಜಾಗ ಬೇಕು, ದುಡ್ಡೂ ಅಷ್ಟೇ. ಅದಕ್ಕೆ ಇನ್ನೊಂದು ಉಪಾಯವಿದೆ. 7, 5, 9 ಎಂದು ಬರೆದು ಪಕ್ಕದಲ್ಲಿ ಮೊತ್ತ 21 ಎಂದು ಬರೆದಿಡಿ. ಯಾರೋ 5ನ್ನು ಒರೆಸಿದರೂ ನನ್ನ ನಾಲ್ಕನೇ ತರಗತಿಯ ಮಕ್ಕಳು ಕಳೆದು ಹೇಳುತ್ತಾರೆ. ಯಂತ್ರದ ಲೆಕ್ಕ ಇದಕ್ಕಿಂತ ಜಟಿಲವಾದರೂ ತತ್ವ ಇದೇ.

ಇಷ್ಟು ಕೇಳಿಯೂ ನನಗೆ ಸಮಾಧಾನವಾಗಲಿಲ್ಲ. ಮೂರೂ ಮನೆ ಒಂದೇ ಸೂರಿನಡಿ ಇದ್ದರೆ? ಕೇಳಿದೆ. ಹುಡುಗ ತುಸು ಗಂಭೀರವಾದ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಇಂಥದೊಂದು ಕಟ್ಟಡವೇ ಸುಟ್ಟುಹೋಯಿತು. ಬೇರೆಡೆ ಪ್ರತಿ ಇಟ್ಟುಕೊಳ್ಳದ ಎಷ್ಟೋ ಗ್ರಾಹಕರು ಎಲ್ಲವನ್ನೂ ಕಳೆದುಕೊಂಡರು. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಬ್ಯಾಟರಿಯಿಂದ ಹೊತ್ತಿದ ಬೆಂಕಿಗೆ ಸರಕಾರಿ ನೌಕರರ ಕಡತಗಳಿದ್ದ 858 ಟೆರಾಬೈಟ್ ಸಂಗ್ರಹ ಬೂದಿಯಾಯಿತು. ಅದಕ್ಕೂ ಹೊರಗೆಲ್ಲೂ ಪ್ರತಿ ಇರಲಿಲ್ಲ. ಅಷ್ಟು ಮುಂದುವರಿದ ದೇಶ! ನಮ್ಮ ಹಳ್ಳಿಗಳಲ್ಲಿ ಬಿತ್ತನೆಯ ಬೀಜವನ್ನೆಲ್ಲ ಒಂದೇ ಕಣಜದಲ್ಲಿಟ್ಟರೆ ಅಜ್ಜಿಯಂದಿರು ಬಯ್ಯುತ್ತಿದ್ದರು.

ಅದಕ್ಕಿಂತ ನನ್ನನ್ನು ಕಾಡಿದ್ದು ಅವನ ಇನ್ನೊಂದು ಮಾತು. ಡಿಸ್ಕು ಕೆಟ್ಟರೆ ಪ್ರತಿಗಳು ಕಾಯುತ್ತವೆ. ನಾವೇ ಅಳಿಸಿದರೆ ಮಾತ್ರ ಮೂರೂ ಅಳಿಯುತ್ತವೆ, ಯಂತ್ರ ಅಷ್ಟು ವಿಧೇಯ. ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ 30 ದಿನ ಉಳಿದೀತು, ಆಮೇಲೆ ಇಲ್ಲ. ಮನೆಯಲ್ಲಿ ಮೊಮ್ಮಗನ ಕೈಗೆ ಫೋನು ಸಿಗದ ದಿನವಿಲ್ಲ.

ಮರುದಿನವೇ ಎರಡು ಪೆನ್ ಡ್ರೈವ್ ತರಿಸಿ 41 ಹಾಡುಗಳನ್ನೂ ತುಂಬಿಸಿದೆ. ಒಂದು ಸಾಗರದಲ್ಲಿ ನನ್ನ ಬೀರುವಿನಲ್ಲಿದೆ. ಇನ್ನೊಂದನ್ನು ಉಡುಪಿಯ ತಂಗಿಗೆ ಕಳಿಸಿದೆ. "ಕ್ಲೌಡ್ ಇದ್ದರೂ ಇದು ಯಾಕಕ್ಕ?" ಎಂದಳು. ನಮ್ಮಿಬ್ಬರ ಮನೆಗಳ ನಡುವೆ ಘಟ್ಟವಿದೆಯಲ್ಲ, ಅದಕ್ಕೇ ಎಂದೆ.