ನಲವತ್ತೊಂದು ಮೆಸೇಜು

9 ಜುಲೈ, ಮಂಗಳವಾರ

ರಾತ್ರಿ 2.10ಕ್ಕೆ ಫೋನು ಹೊಡಕೊಳ್ಳಲು ಶುರು. ಕ್ಲಸ್ಟರಿನ ಯಂತ್ರಗಳನ್ನು ಕಾಯುವ ನಾಗಿಯೋಸ್: ನೋಡ್ 41 ಡೌನ್, 42 ಡೌನ್, 43 ಡೌನ್... ಒಟ್ಟು ನಲವತ್ತೊಂದು ಮೆಸೇಜು. ಪಕ್ಕದ ಕೋಣೆಯಿಂದ ಅಮ್ಮ, "ಯಾರಿಗೇನಾಯ್ತೋ?" "ಯಾರಿಗೂ ಏನಿಲ್ಲಮ್ಮ, ಮಲಕ್ಕೋ" ಅಂದು ಸ್ಕೂಟರ್ ತೆಗೆದೆ. ಅಷ್ಟು ಯಂತ್ರ ಒಂದೇ ನಿಮಿಷದಲ್ಲಿ ಸಾಯುವುದಿಲ್ಲ ಅಂತ ಬನಶಂಕರಿ ದಾಟುವಾಗಲೇ ಹೊಳೆಯಿತು. ಸತ್ತಿದ್ದು ಎರಡನೇ ರ‍್ಯಾಕಿನ ಸ್ವಿಚ್. ಅದರ ಕೆಳಗಿನ ನಲವತ್ತು ನೋಡ್‌ಗಳೂ ಫ್ಯಾನ್ ತಿರುಗಿಸಿಕೊಂಡು ಆರಾಮಾಗಿದ್ದವು. ಬೇರೆ ಸ್ವಿಚ್ ಹಾಕಿ ಮನೆಗೆ ಬರುವಾಗ ಹಾಲಿನ ಗಾಡಿ ಬಂದಿತ್ತು. ಮೆಸೇಜುಗಳನ್ನೆಲ್ಲ ಅಳಿಸಿ ಮಲಗಿದೆ.

10 ಜುಲೈ, ಬುಧವಾರ

ನಾಚಿಕೆಗೇಡು: ಆ ಸ್ವಿಚ್ಚನ್ನು ನಾಗಿಯೋಸ್‌ಗೆ ಸೇರಿಸಿಯೇ ಇರಲಿಲ್ಲ. ಇವತ್ತು ಸೇರಿಸಿದೆ. ಪ್ರತಿ ನೋಡ್‌ಗೂ 'ಪೇರೆಂಟ್ಸ್' ಅನ್ನುವ ಸಾಲಿನಲ್ಲಿ ಸ್ವಿಚ್ ಹೆಸರು ಬರೆದೆ. ಇನ್ನು ಸ್ವಿಚ್ ಬಿದ್ದರೆ ನೋಡ್‌ಗಳನ್ನು 'ಡೌನ್' ಅನ್ನದೆ 'ಅನ್‌ರೀಚಬಲ್' ಅನ್ನುತ್ತದೆ; ಅದಕ್ಕೆ ಮೆಸೇಜು ಬೇಡ ಅಂತಲೂ ಹೇಳಿದೆ. ಜಾಬ್ ಇಲ್ಲದ ಹೊತ್ತು ನೋಡಿ ಸ್ವಿಚ್ಚಿನ ಕೇಬಲ್ ಕಿತ್ತೆ. ಒಂದೇ ಮೆಸೇಜು! ಖುಷಿಗೆ ಕ್ಯಾಂಟೀನಿನಲ್ಲಿ ಎರಡು ವಡೆ.

11 ಜುಲೈ, ಗುರುವಾರ

ಹೊಸ ಹುಡುಗಿಗೆ, ಯಂತ್ರಗಳ ಸ್ಥಿತಿಯನ್ನು ಗ್ರಾಫಿನಲ್ಲಿ ತೋರಿಸುವ ಗ್ಯಾಂಗ್ಲಿಯಾ ತೋರಿಸಿದೆ. ಬರ್ಕ್ಲಿಯಲ್ಲಿ ಹುಟ್ಟಿದ್ದು. ಅದರ ಪೋರ್ಟ್ 8649 ಏಕೆ ಅಂದಳು. ಹಳೇ ಫೋನಿನ ಕೀಲಿಗಳಲ್ಲಿ ಆ ಅಂಕಿಗಳನ್ನು ಒತ್ತಿದರೆ 'ಯುನಿಕ್ಸ್' ಆಗುತ್ತದೆ ಅಂದೆ. ಕೀಲಿ ಇರುವ ಫೋನು ಅವಳು ಹಿಡಿದೇ ಇಲ್ಲವಂತೆ.

12 ಜುಲೈ, ಶುಕ್ರವಾರ

ಸ್ಟೋರೇಜ್ ಸರ್ವರಿನ ಹೋಮ್ ಡಿಸ್ಕ್ ತುಂಬಿ ತುಳುಕಿ, ಓಡುತ್ತಿದ್ದ ಜಾಬ್‌ಗಳೆಲ್ಲ ಮಗುಚಿದವು. ಒಬ್ಬ ಪಿಎಚ್‌ಡಿ ಹುಡುಗನ ಆರು ದಿನದ ಸಿಮ್ಯುಲೇಷನ್ ಹೋಯಿತು. ನಾಗಿಯೋಸ್ ಯಾಕೆ ಸುಮ್ಮನಿತ್ತು ಅಂತ ಲಾಗ್ ತೆಗೆದರೆ, ಸುಮ್ಮನಿರಲಿಲ್ಲ: ಮಂಗಳವಾರ 2.12ಕ್ಕೆ, 'ಡಿಸ್ಕ್ ಕ್ರಿಟಿಕಲ್'. ಆ ರ‍್ಯಾಕಿನಲ್ಲಿ ಇರುವುದೇ ನಲವತ್ತು ನೋಡ್. ನಲವತ್ತೊಂದನೆಯದು ಯಾವುದು ಅಂತ ನಾನು ಕೇಳಿಕೊಂಡಿರಲೇ ಇಲ್ಲ. ಕಿರಿಕಿರಿ ಅಂತ ಹೋದ ವರ್ಷ 'ನೋಟಿಫಿಕೇಷನ್ ಇಂಟರ್ವಲ್' ಸೊನ್ನೆ ಮಾಡಿ, ಒಂದು ಸಲ ಹೇಳಿದ್ದನ್ನು ಮತ್ತೆ ಹೇಳದಂತೆ ಅದರ ಬಾಯಿ ಕಟ್ಟಿದವನೂ ನಾನೇ. ಗ್ಯಾಂಗ್ಲಿಯಾದಲ್ಲಿ ಖಾಲಿ ಜಾಗದ ಗೆರೆ ವಾರದಿಂದ ಇಳಿಜಾರಿನಲ್ಲಿದೆ. ಗ್ಯಾಂಗ್ಲಿಯಾದ ಆರ್‌ಆರ್‌ಡಿ ಫೈಲು ಎಷ್ಟು ವರ್ಷವಾದರೂ ಬೆಳೆಯುವುದಿಲ್ಲ, ಹಳೆಯದನ್ನು ಸರಾಸರಿ ಮಾಡಿ ಕುಗ್ಗಿಸಿಕೊಳ್ಳುತ್ತದೆ. ಹುಡುಗರ ಫೈಲುಗಳಿಗೆ ಆ ಬುದ್ಧಿ ಇಲ್ಲ.

ಸೊನ್ನೆ ತೆಗೆದು 60 ನಿಮಿಷ ಹಾಕಿದೆ. ಸೋಮವಾರ ಹತ್ತಕ್ಕೆ ಆ ಹುಡುಗ ಬರುತ್ತಾನೆ. ತಪ್ಪನ್ನು ಸ್ವಿಚ್ಚಿನ ತಲೆಗೆ ಕಟ್ಟುವ ಹಾಗಿಲ್ಲ.