ಗುಡಿ ಬಿಟ್ಟರೆ ಇನ್ನೇನು?

ಹಾಸನದಲ್ಲಿ ತಿಂಗಳಿಗೊಮ್ಮೆ ಕಾಫಿಗೆ ಸೇರುವ ನಾವು ಮೂವರೂ ಮೂವತ್ತರ ಆಸುಪಾಸಿನವರು. ಮಾತೆಲ್ಲ ಲೆಗೊ ಬ್ಲಾಕುಗಳದ್ದೇ: ಮುಂದೆ ಯಾವ ಸೆಟ್ ಬರುತ್ತೆ, ಯಾರ ಸಂಬಳಕ್ಕೆ ಎಟುಕುತ್ತೆ. (ನನ್ನ ಫೆಲೋಶಿಪ್ಪಿಗಂತೂ ಎಟುಕುವುದಿಲ್ಲ.)

ಈ ಸಲ ಹೊಳೆನರಸೀಪುರದ ಗೆಳೆಯ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿಯನ್ನು ಲ್ಯಾಪ್‌ಟಾಪಿನಲ್ಲಿ ಬ್ಲಾಕು ಬ್ಲಾಕಾಗಿ ಕಟ್ಟಿ ತಂದಿದ್ದ. ಅಭಿಮಾನಿಗಳ ವಿನ್ಯಾಸ ಸ್ವೀಕರಿಸುವ ‘ಲೆಗೊ ಐಡಿಯಾಸ್’ಗೆ ಕಳಿಸುವ ಆಸೆ. ಅಲ್ಲಿ 10,000 ಜನ ಬೆಂಬಲಿಸಿದರೆ ಕಂಪನಿ ಪರಿಶೀಲಿಸುತ್ತದೆ.

“ನಿಯಮ ಓದಿದ್ಯೇನೋ? ಧಾರ್ಮಿಕ ಕಟ್ಟಡ ಕಳಿಸೋ ಹಾಗಿಲ್ಲ,” ಎಂದ ಅರಕಲಗೂಡಿನವನು.

“ಮತ್ತೆ 2024ರಲ್ಲಿ ಪ್ಯಾರಿಸ್ಸಿನ ನೋಟ್ರ್ ಡಾಮ್ ಚರ್ಚು ಬಂತಲ್ಲ, 4,383 ತುಂಡಿಂದು?”

“ಅದು ಕಂಪನಿಯವರೇ ಮಾಡಿದ್ದು.”

ಲೋಕಕ್ಕೆಲ್ಲ ಆಟಿಕೆ ಮಾರುವವರಿಗೆ ಧರ್ಮದ ಗೊಡವೆ ಬೇಡವೆನಿಸುವುದು ಸಹಜ. ಆದರೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಕಳೆದರೆ ನಮ್ಮ ಜಿಲ್ಲೆಯಲ್ಲಿ ಕಟ್ಟಿ ತೋರಿಸಲು ಉಳಿಯುವುದೆಷ್ಟು? ಶಾಸನ ಓದುವ ನನಗೆ ಗುಡಿಯೆಂದರೆ ದಾನ, ಲೆಕ್ಕ, ಕುಶಲಕರ್ಮಿಯ ಸಹಿ. ನುಗ್ಗೇಹಳ್ಳಿಯ ಶಿಲ್ಪಗಳಲ್ಲಿ ಮಲ್ಲಿತಮ್ಮ, ಬೈಚೋಜ ತಮ್ಮ ಹೆಸರು ಕೆತ್ತಿದ್ದಾರೆ. ಇದನ್ನೆಲ್ಲ ಧರ್ಮವೆಂಬ ಒಂದೇ ಖಾನೆಗೆ ತುಂಬುವುದು ಹೇಗೆ?

ಗೆಳೆಯ ಸುಮ್ಮನೆ ಮತ್ತೊಂದು ಚಿತ್ರ ತೆರೆದ. ಗೊರೂರು ಹಿನ್ನೀರಿನಲ್ಲಿ ಅರ್ಧ ಮುಳುಗಿದ ಶೆಟ್ಟಿಹಳ್ಳಿ ಚರ್ಚು.

“ಮಾಡೇ ಇಲ್ಲ, ಗೋಡೆ ಮಾತ್ರ. ಇದೂ ಧಾರ್ಮಿಕ ಕಟ್ಟಡವೇ ಏನ್ರೋ?”