ಜಿಪ್ಸಿಗೆ ಮುಂದೇನು?

ಪರದೆ ಮೇಲೆ ಹೀರೋ ಜೀಪು ಹಳ್ಳ ಹಾರಿದರೆ ನಾವು ಸೀಟಿ ಹೊಡೀತೀವಿ. ಆಮೇಲೆ ಅದರ ಬ್ರೇಕು ಏನಾಯ್ತು ಅಂತ ಯಾವ ಡೈರೆಕ್ಟರೂ ತೋರಿಸೋಲ್ಲ!

ನನ್ನ ಮಾರುತಿ ಜಿಪ್ಸಿ ಎರಡಿಂಚು ಎತ್ತರಿಸಿದ ಗಾಡಿ. ಆರು ದಿನ ಆಫೀಸು, ಭಾನುವಾರ ಸಕಲೇಶಪುರದ ಕೆಸರು. ಕೈಲಿರೋ ದುಡ್ಡು ಒಂದೇ ಕೆಲಸಕ್ಕೆ ಸಾಕು. "ಗುರೂ, ದೊಡ್ಡ ಟೈರ್ ಹಾಕ್ಸು, ವಿಂಚ್ ಹಾಕ್ಸು!" ಅಂತ ಗೆಳೆಯರ ಕೂಗು.

ಲೆಕ್ಕ ಹಾಕಿದೆ. ಕಂಪನಿಯ 205/70 ಆರ್ 15 ಟೈರಿನ ಎತ್ತರ 668 ಮಿಲಿಮೀಟರು. 235/75 ಹಾಕಿದರೆ 733. ಅಂದ್ರೆ ಮೀಟರು 60 ಅಂದಾಗ ಗಾಡಿ 66ರಲ್ಲಿ ಓಡ್ತಿರುತ್ತೆ! ಎಂಜಿನ್ನಿಗೆ ಎಳೆಯೋದು ಕಷ್ಟ, ಬ್ರೇಕಿಗೆ ನಿಲ್ಲಿಸೋದು ಇನ್ನೂ ಕಷ್ಟ. ವಿಂಚ್ ಅಂದ್ರೆ ಮೂತಿ ಮೇಲೆ ದಿನವೂ ಹೊರೋ ಭಾರ. ಕೆಸರಿಗೆ ಗಟ್ಟಿ ಹಗ್ಗ, ಜೊತೆಗೊಂದು ಜೀಪು ಸಾಕು.

ಎತ್ತರಿಸಿದ ಗಾಡೀಲಿ ಚಕ್ರ ಗುಂಡಿಗೆ ಇಳಿದಾಗ ಹಳೇ ಬ್ರೇಕ್ ಹೋಸು ಬಿಗಿಯಾಗಿ ಎಳೆಯುತ್ತೆ. ಹಾಗಾಗಿ ಮೊದಲು ಉದ್ದದ ಹೋಸು, ಹೊಸ ಬ್ರೇಕ್ ಲೈನರು. ಟೈರು ಸವೆದಾಗ ಅದೇ ಅಳತೇಲಿ ಒರಟು ಗೆರೆಯದ್ದು. ಇದೇ ನನ್ನ ತೀರ್ಮಾನ.

ಸೋಮವಾರ ಇದೇ ಗಾಡೀಲಿ ಅಮ್ಮ ಆಸ್ಪತ್ರೆಗೆ ಹೋಗ್ತಾರೆ. ಹೀರೋಗೆ ಡೂಪ್ ಇದ್ದಾನೆ ಗೆಳೆಯರೇ, ಅಮ್ಮನಿಗೆ ಇಲ್ವಲ್ಲ!